ಜಕ್ಕಜ್ಜಿಯ ಮೂಗುತಿ

ಅಜ್ಜಿ ಕಡೆ ತಿರುಗಿ ಮಲ್ಕೋ ಪುಟ್ಟೀ. ಸ್ಕೂಲಿನ ಗೋಡೆ ಮೇಲಿದ್ದ ನಿಮ್ಮ ಕ್ಲಾಸಿನ ಹುಡುಗಿ ಸುಗುಣನ ಗಿಳಿ ಚಿತ್ರದ ಮೇಲೆ ನಿನ್ನ ನವಿಲು ಅಂಟಿಸಿ ಬಂದೆ ಅಂತ ಸಂಜೆ ನಗ್ತಾ ನಗ್ತಾ ಹೇಳಿದೆಯಲ್ಲ, ಅದಕ್ಕೆ ನಾನು ಬಯ್ಯಲ್ಲ. ನಿಮ್ಮಮ್ಮನಿಗೂ ಹೇಳಲ್ಲ. ಒಂದು ಕತೆ ಹೇಳ್ತೀನಿ, ಹ್ಞೂಂ ಹ್ಞೂಂ ಅಂತಿರು. ಹ್ಞೂಂ ಅನ್ನದಿದ್ರೆ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಕಾಗದ ಅನ್ನೋದನ್ನ ಯಾರೂ ಕಣ್ಣಲ್ಲೂ ಕಾಣದ ಕಾಲದಲ್ಲಿ, ಹೊಳೆ ದಂಡೆ ಮೇಲೆ ಒಂದು ಊರಿತ್ತಂತೆ. ಊರಲ್ಲೊಂದು ಬಸದಿ, ಅಂದ್ರೆ ಜೈನರ ಗುಡಿ. ಆವಾಗ ಪುಸ್ತಕ ಅಂದ್ರೆ ತಾಳೆಗರಿ. ಗರಿ ಮೇಲೆ ಬರೆದು, ತೂತು ಕೊರೆದು, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು ಕಟ್ಟೋದು. ಬಸದಿಯ ಹಳೇ ಪುಸ್ತಕ ಹುಳ ತಿಂದು ಹೋಗಿತ್ತು, ಹೊಸದು ಬರೆಸಬೇಕು ಅಂತ ಊರವರೆಲ್ಲ ಸೇರಿದರಂತೆ. ಗರಿ ಕೊಡೋರು ಕೊಟ್ಟರು, ಬರೆಯೋರು ಪುಣ್ಯ ಬರಲಿ ಅಂತ ಬರೆದುಕೊಟ್ಟರು. ಆದರೆ ಮೊದಲನೇ ಗರಿಯಲ್ಲಿ ಸರಸ್ವತಿ ಚಿತ್ರ ಬರೀಬೇಕು, ಅವಳ ತಲೆ ಸುತ್ತ ಪ್ರಭೆಗೆ ಚಿನ್ನ ಬೇಕು. ಚಿನ್ನ ಅಂದ ಕೂಡ್ಲೇ ಎಲ್ಲರಿಗೂ ಮನೆ ಕೆಲಸ ನೆನಪಾಯ್ತಂತೆ.

ಬಸದಿ ಅಂಗಳ ಗುಡಿಸೋ ಜಕ್ಕಜ್ಜಿ ಅಂತ ಒಬ್ಬಳಿದ್ದಳು. ಹಿಂದೆ ಮುಂದೆ ಯಾರೂ ಇಲ್ಲ. ಮೈಮೇಲೆ ಚಿನ್ನ ಅಂತ ಇದ್ದಿದ್ದು ಅವಳಮ್ಮ ಹಾಕಿದ್ದ ಒಂದೇ ಒಂದು ಮೂಗುತಿ. ಅದನ್ನೇ ಬಿಚ್ಚಿ, ಸೆರಗಲ್ಲಿ ಒರೆಸಿ, ಚಿತ್ರ ಬರೆಯೋ ಶಾಂತಯ್ಯನ ಕೈಗಿಟ್ಟು, ಇಷ್ಟು ಸಾಕಾಗುತ್ತೇನಪ್ಪಾ ಅಂತ ಕೇಳಿದಳಂತೆ. ಶಾಂತಯ್ಯ ಅದನ್ನ ತಟ್ಟಿ ತಟ್ಟಿ, ಉಸಿರು ಬಿಟ್ಟರೆ ಹಾರಿಹೋಗೋ ಹಾಗೆ ರೇಕು ಮಾಡಿ, ಪ್ರಭೆ ಅಂಟಿಸಿದನಂತೆ. ಪುಸ್ತಕಕ್ಕೆ ದಾನ ಕೊಟ್ಟವರ ಮುಖವನ್ನ ದೇವಿ ಪಾದದ ಹತ್ತಿರ ಬರೆಯೋದು ಆವಾಗಿನ ಪದ್ಧತಿ. ಅಲ್ಲಿ ಜಕ್ಕಜ್ಜಿನ ಬರೆದ. ಅವರೆಕಾಳಿನಷ್ಟು ಮುಖ, ಮುಗಿದ ಕೈ, ಖಾಲಿ ಮೂಗು. ಬಣ್ಣಕ್ಕೆ ಬೇಲದ ಮರದ ಅಂಟನ್ನ ಚೆನ್ನಾಗಿ ಕಲಸಿ ಬರೆದ. ಅಂಟು ಹಾಕದಿದ್ರೆ ಬಣ್ಣ ನಿಲ್ಲಲ್ಲ ನೋಡು.

ವರ್ಷಕ್ಕೊಂದು ಸಲ ಶ್ರುತಪಂಚಮಿ ಅಂತ ಬರುತ್ತೆ, ಆವತ್ತು ಪುಸ್ತಕಕ್ಕೇ ಪೂಜೆ. ಗರಿಗಳನ್ನ ಬಿಚ್ಚಿ ಬಿಸಿಲು ತೋರಿಸಿ, ನವಿಲುಗರಿ ಗೊಂಚಲಿಂದ ಧೂಳು ಹೊಡೆದು ಎಲ್ಲರಿಗೂ ತೋರಿಸ್ತಾರೆ. ಆ ವರ್ಷ ಜಕ್ಕಜ್ಜಿ ಎಲ್ಲರಿಗಿಂತ ಮುಂದೆ ಕೂತು ತನ್ನ ಮುಖ ತಾನೇ ನೋಡಿ ನಾಚಿಕೊಂಡಳಂತೆ.

ಆಮೇಲೆ ಬೊಮ್ಮರಸ ಅಂತ ಒಬ್ಬ ಪಾಳೇಗಾರ ಬಂದ, ಚಿನ್ನದ ಪುಸ್ತಕ ನಂದು ಅಂತ ಎತ್ಕೊಂಡು ಹೋದ. ಶಾಂತಯ್ಯನ ಕರೆಸಿ, ಈ ಗುಡಿಸೋಳ ಮುಖ ಯಾಕೆ ನನ್ನ ಪುಸ್ತಕದಲ್ಲಿ, ನನ್ನ ಬರಿ ಅಂದನಂತೆ, ತೊಡೆ ಮೇಲೆ ಕತ್ತಿ ಇಟ್ಕೊಂಡು. ಶಾಂತಯ್ಯ ಹೆದರಿದ. ಜಕ್ಕಜ್ಜಿ ಮುಖದ ಮೇಲೆ ದೊಡ್ಡ ಮೀಸೆಯ ಮುಖ ಬರೆದ. ಬರೀವಾಗ ಅಂಟಿನ ಕುಡಿಕೆ ಕಡೆ ಕೈ ಹೋಗಲೊಲ್ಲದು, ಹೆಸರಿಗೆ ಒಂದು ಹನಿ ಹಾಕಿದನಂತೆ ಅಷ್ಟೆ.

ಪಂಚಮಿ ದಿನ ಬೊಮ್ಮರಸ ಪಲ್ಲಕ್ಕಿಯಲ್ಲಿ ಪುಸ್ತಕ ಕಳಿಸಿದ. ಮುಂದೆ ಕೂತಿದ್ದ ಜಕ್ಕಜ್ಜಿ ನೋಡ್ತಾಳೆ, ತನ್ನ ಜಾಗದಲ್ಲಿ ಮೀಸೆ! ಎದ್ದು ಹೋಗಿ ಕಂಬದ ಹಿಂದೆ ಕೂತಳು. ಶಾಂತಯ್ಯ ಅದನ್ನ ಕಂಡ, ಅಜ್ಜಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಅಂದ್ಕೊಂಡ, ತಲೆ ತಗ್ಗಿಸಿ ಹಿತ್ತಲ ಬಾಗಿಲಿಂದ ಮನೆಗೆ ಹೋದನಂತೆ.

ಆಮೇಲೆ ಬೊಮ್ಮರಸ ಸತ್ತ, ಅವನ ಮಗ ಒಂದು ಕುದುರೆ ಆಸೆಗೆ ಪುಸ್ತಕವನ್ನ ಪಾಯಿಶೆಟ್ಟಿ ಅನ್ನೋ ವ್ಯಾಪಾರಿಗೆ ಕೊಟ್ಟುಬಿಟ್ಟ. ಶೆಟ್ಟಿ ಸಿಹಿ ಮಾತಿನವನು. ಶಾಂತಯ್ಯನ ಮನೆಗೆ ಕರು ಸಮೇತ ಹಸು ಕಳಿಸಿ, ಮಕ್ಕಳು ಹಾಲು ಕುಡೀಲಿ ಮಾರಾಯ, ಆ ಮೀಸೆ ಮೇಲೆ ನಂದೊಂದು ಮುಖ ಇರಲಿ ಅಂದನಂತೆ. ಶಾಂತಯ್ಯ ಹಾಲಿನ ಆಸೆಗೆ ಬರೆದ, ರುಮಾಲು, ಗಲ್ಲ, ಹೊಟ್ಟೆ ಎಲ್ಲ. ಈ ಸಲವೂ ಅಂಟು ಹೆಸರಿಗೆ ಒಂದೇ ಹನಿ. ಪಂಚಮಿ ದಿನ ಜಕ್ಕಜ್ಜಿ ಬಾಗಿಲ ಹತ್ತಿರ ಕೂತಿದ್ದಳು. ಶಾಂತಯ್ಯ ಈಗ ಅವಳು ಗುಡಿಸೋ ಹೊತ್ತು ನೋಡ್ಕೊಂಡು ಆ ದಾರಿಯನ್ನೇ ಬಿಟ್ಟಿದ್ದನಂತೆ.

ಆಮೇಲೆ ಶೆಟ್ಟಿ ಆ ಪುಸ್ತಕವನ್ನ ಬಾಚಲರಾಣಿಗೆ ಉಡುಗೊರೆ ಕೊಟ್ಟ. ರಾಣಿ ಅದನ್ನ ಬಸದಿಗೇ ದಾನ ಮಾಡ್ತೀನಿ ಅಂದಳು. ಬಸದಿಯ ವಸ್ತು ಬಸದಿಗೆ ಕೊಡೋದು ಯಾವ ದಾನವೋ ನಾನು ಕಾಣೆ! ಶಾಂತಯ್ಯನ ಕರೆದು, ಈ ಸೀಮೆಯಲ್ಲೇ ನಿನ್ನಂಥ ಕೈ ಇಲ್ಲವಂತಲ್ಲ, ನನ್ನ ಮುಖ ಬರೆದುಕೊಡು ಅಂದಳಂತೆ. ಅಷ್ಟಕ್ಕೇ ಶಾಂತಯ್ಯ ಉಬ್ಬಿಹೋದ. ಕತ್ತಿಗೆ ಹೆದರಿದ್ದು ಸರಿ, ಮಕ್ಕಳ ಹಾಲಿಗೆ ಸೋತಿದ್ದೂ ಹೋಗಲಿ, ಇದು ಬರೀ ಹೊಗಳಿಕೆ. ಶೆಟ್ಟಿ ಮೇಲೆ, ಮತ್ತೆ ಒಂದೇ ಹನಿ ಅಂಟಲ್ಲಿ, ದೊಡ್ಡ ನತ್ತು ಹಾಕಿ ರಾಣಿ ಮುಖ ಬರೆದು ಮನೆಗೆ ಬಂದವನು, ಆವತ್ತು ಉಣ್ಣೋಕೆ ಕೂತು ಎಲೆ ಸರಿಸಿ ಎದ್ದುಬಿಟ್ಟನಂತೆ. ಅಷ್ಟು ನಾಚಿಕೆ ಆಯ್ತಂತೆ ಅವನಿಗೆ ತನ್ನ ಮೇಲೇ.

ಹ್ಞೂಂ ಅನ್ನು ಪುಟ್ಟೀ. ಕೇಳ್ತಿದೀಯಾ? ಸರಿ.

ಪಂಚಮಿ ಬಂತು. ರಾಣಿ ಮುಂದೆ ಕೂತಳು. ಬಿಸಿಲಿಗಿಟ್ಟ ಗರಿಯನ್ನ ಬಸದಿಯ ಮುನಿಗಳು ಎತ್ತಿ, ನವಿಲುಗರಿಯಿಂದ ಮೆಲ್ಲಗೆ ಒಂದು ಸಲ ಸವರಿದರು, ರಾಣಿ ಮುಖ ನತ್ತಿನ ಸಮೇತ ಪುಡಿಪುಡಿಯಾಗಿ ಉದುರಿತಂತೆ! ಅಯ್ಯೋ ಅಂತ ಇನ್ನೊಂದು ಸಲ ಸವರಿದರು, ಶೆಟ್ಟಿ ಹೊಟ್ಟೆ ಉದುರಿತು. ಮತ್ತೊಂದು ಸಲ ಸವರಿದರು, ಮೀಸೆ ಉದುರಿತು. ಕೆಳಗೆ ಜಕ್ಕಜ್ಜಿ, ಖಾಲಿ ಮೂಗು, ಮುಗಿದ ಕೈ, ಮೊನ್ನೆ ಬರೆದ ಹಾಗೆ.

ರಾಣಿ ಸೆರಗಲ್ಲಿ ಮುಖ ಮುಚ್ಕೊಂಡಳು. ಇದು ಯಾರ ಕೆಲಸ ಅಂತ ಮುನಿಗಳು ಕೇಳಿದರಂತೆ. ಬಣ್ಣ ಹಳೇದು, ಬಿಸಿಲು ಜಾಸ್ತಿ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು ಶಾಂತಯ್ಯ. ಆದರೂ ಎದ್ದು ನಿಂತು, ನಂದೇ ಸ್ವಾಮಿ, ಮೂರೂ ಸಲ ಸರಿಯಾಗಿ ಅಂಟು ಹಾಕದೆ ಬರೆದೆ ಅಂದನಂತೆ. ಜನ ಎಲ್ಲ, ಭಲೆ ಶಾಂತಯ್ಯ, ಎಂಥಾ ಜಾಣ ಅಂತ ಚಪ್ಪಾಳೆ ತಟ್ಟಿದರು. ಶಾಂತಯ್ಯ ಎರಡು ಕೈಯಲ್ಲೂ ಕಿವಿ ಮುಚ್ಕೊಂಡ. ಜಾಣತನ ಅಲ್ಲ ಸ್ವಾಮಿ, ಬೇಡ ಅನ್ನೋ ಧೈರ್ಯ ಇರಲಿಲ್ಲ ನಂಗೆ ಅಂತ ಅಳ್ತಾ ಹೊರಗೆ ಓಡಿದನಂತೆ.

ಹೊರಗೆ ಜಕ್ಕಜ್ಜಿ ಗೋಡೆ ಪಕ್ಕ, ಚಪ್ಪಲಿ ಬಿಡೋ ಜಾಗದಲ್ಲಿ ಕೂತಿದ್ದಳು. ಶಾಂತಯ್ಯ ಅವಳ ಕಾಲ ಹತ್ತಿರ ಕುಸಿದು ಎಲ್ಲಾ ಹೇಳಿದ, ಕತ್ತಿ, ಹಸು, ಹೊಗಳಿಕೆ, ಒಂದೂ ಬಿಡಲಿಲ್ಲ. ಹೇಳಿ, ಬಯ್ಯಿ ಅಜ್ಜೀ, ನಿನ್ನ ಸಿಟ್ಟು ಸರಿ ಅಂದ. ಜಕ್ಕಜ್ಜಿ ಅವನನ್ನೇ ನೋಡ್ತಾ ಕೇಳಿದಳಂತೆ, ನಂಗೆಲ್ಲಿ ಸಿಟ್ಟಪ್ಪ? ನಾನು ಕೊಟ್ಟ ಚಿನ್ನ ಸಾಲಲಿಲ್ಲ, ಅದಕ್ಕೇ ನನ್ನ ಮುಖ ತೆಗೆದುಬಿಟ್ರು, ನೀನೂ ಅದಕ್ಕೇ ನನ್ನ ಕಂಡರೆ ದಾರಿ ತಪ್ಪಿಸ್ತೀಯ ಅಂದ್ಕೊಂಡಿದ್ದೆ. ಎಲ್ಲರ ಎದುರಿಗೆ ಕೂರೋಕೆ ಮುಖ ಇರಲಿಲ್ಲ ನಂಗೆ. ಹಾಗಾದ್ರೆ ನನ್ನ ಮೂಗುತಿ ಸಣ್ಣದಾಗಿರಲಿಲ್ವೇನೋ ಶಾಂತಯ್ಯ?

ಶಾಂತಯ್ಯನಿಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತಂತೆ. ತಪ್ಪು ಮಾಡಿದ್ದು ತಾನು, ಇಷ್ಟು ವರ್ಷ ನಾಚಿಕೊಂಡು ಹಿಂದೆ ಹಿಂದೆ ಸರಿದಿದ್ದು ಅವಳು.

ಆಮೇಲೆ ಅವಳ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ, ಮುಂದೆ ಕೂರಿಸಿದ. ರಾಣಿ ತಾನಾಗೇ ಎದ್ದು ಅಜ್ಜಿಯ ಹಿಂದೆ ಕೂತಳಂತೆ. ಆವತ್ತಿಂದ ಪುಸ್ತಕ ಬಸದಿ ಬಿಟ್ಟು ಎಲ್ಲೂ ಹೋಗಲಿಲ್ಲ, ಜಕ್ಕಜ್ಜಿ ಮುಂದಿನ ಜಾಗ ಬಿಟ್ಟು ಎಲ್ಲೂ ಕೂರಲಿಲ್ಲ. ಎಲ್ಲರೂ ಪಾಯಸ ಉಂಡು ಸುಖವಾಗಿದ್ದರು, ಕತೆ ಮುಗೀತು, ಕಣ್ಣು ಮುಚ್ಚು.

ಯಾಕೆ ಮುಸುಕು ಹಾಕ್ಕೊಂಡೆ? ಉಸಿರು ಕಟ್ಟುತ್ತೆ, ತೆಗಿ.

ಅಜ್ಜೀ.

ಏನು ಕಂದ?

ಸುಗುಣ ಏನೂ ಕೇಳಲೇ ಇಲ್ಲ ಅಜ್ಜೀ. ಗೋಡೆ ನೋಡಿ ಸುಮ್ಮನೆ ಹೋಗಿ ಹಿಂದಿನ ಬೆಂಚಲ್ಲಿ ಕೂತಳು. ಅವಳ ಗಿಳಿ ಚೆನ್ನಾಗಿಲ್ಲ ಅಂತ ಮಿಸ್ಸೇ ತೆಗೆದ್ರು ಅಂದ್ಕೊಂಡಿದಾಳಾ?

ನಂಗೇನು ಗೊತ್ತು, ನೀನೇ ಅವಳನ್ನ ಕೇಳಬೇಕು. ಗೋಂದು ಎಷ್ಟು ಹಾಕಿದೀಯ?

ತುಂಬಾ ಹಾಕಿದೀನಿ ಅಜ್ಜೀ.

ಅಳಬೇಡ, ಬಾ ಹತ್ತಿರ. ಬೆಳಗ್ಗೆ ನಾನೂ ಬರ್ತೀನಿ, ಒದ್ದೆ ಬಟ್ಟೆ ಒತ್ತಿ ಮೆಲ್ಲಗೆ ಬಿಡಿಸೋಣ. ಸುಗುಣನಿಗೆ ಹೇಳೋದು ಮಾತ್ರ ನೀನೇ.