ಅಂಗಡಿಯ ಮುಂಸಾಲು

ಪಣಕ್ಕಿದ್ದದ್ದು ಹಣ್ಣಿನಂಗಡಿಯ ಮುಂಸಾಲಿನಲ್ಲಿ ಒಂದು ಸುಗ್ಗಿಯ ಜಾಗ. ಕೊಯ್ದ ಸೇಬಿನ ಹೋಳನ್ನು ಮಧ್ಯಾಹ್ನದವರೆಗೆ ಕಂದದಂತೆ ಕಾಯುವವರಿಗೆ ಅದು ಸಲ್ಲಬೇಕೆಂದು ಬೆಟ್ಟದ ನೆಲ್ಲಿಕಾಯಿಯೂ ಅಂಗಡಿಗೆ ಹೊಸದಾಗಿ ಬಂದ ಮಾತ್ರೆಯ ಸೀಸೆಯೂ ಒಪ್ಪಿದ್ದವು.

"ಹುಳಿಮೋರೆಯವಳೇ, ಕಾಲ ಬದಲಾಗಿದೆ. ಈಗ ಜನ ಕೇಳುವುದು ಆಂಟಿಆಕ್ಸಿಡೆಂಟ್, ಗಾಳಿ ತಾಗಿ ಕೆಡದಂತೆ ಕಾಯುವ ಸತ್ವ," ಎಂದಿತು ಸೀಸೆ.

"ಹೆಸರು ದೊಡ್ಡದಿರಲಿ, ಕೆಲಸ ತೋರಿಸು," ಎಂದಿತು ನೆಲ್ಲಿಕಾಯಿ.

ನೆಲ್ಲಿಕಾಯಿ ಒಂದು ಹೋಳಿನ ಮೇಲೆ ತನ್ನ ರಸ ಹಿಂಡಿತು. ಸೀಸೆ ಮಾತ್ರೆಯೊಂದರ ಕೋಶ ಬಿಚ್ಚಿ ಇನ್ನೊಂದರ ಮೇಲೆ ಪುಡಿ ಉದುರಿಸಿತು. ಯಾರೂ ಕಾಯದ ಮೂರನೆಯ ಹೋಳು ಗಾಳಿ ತಾಗಿ, ಮಧ್ಯಾಹ್ನದೊಳಗೆ ತುಕ್ಕು ಹಿಡಿದ ತಗಡಿನಂತಾಯಿತು. ಉಳಿದೆರಡೂ ಕಂದಲಿಲ್ಲ.

ನೆಲ್ಲಿಕಾಯಿ ಎರಡೂ ಹೋಳುಗಳನ್ನು ಮತ್ತೆ ಮತ್ತೆ ಹೋಲಿಸಿ ನೋಡಿತು. ಜಾಗ ಕೈತಪ್ಪಿತೇ? ಅಷ್ಟರಲ್ಲಿ ಹೋಳಿನ ಮೇಲಿಂದ ಪುಡಿಯೇ ಕೂಗಿತು: "ತಂಗೀ, ಗುರುತು ಸಿಗಲಿಲ್ಲವೇ? ಹೋದ ವರ್ಷ ನಿನ್ನ ಕೊಂಬೆಯಿಂದಲೇ ಇಳಿದು ಒಣಗಲು ಹೋದವರು ನಾವು!"

ಸೀಸೆ ಮುಖ ಸಣ್ಣದು ಮಾಡಿಕೊಂಡು ಹಿಂದೆ ಸರಿಯಿತು.

"ಕೂತ್ಕೋ ಮಾರಾಯ, ನಿನ್ನ ಹೊಟ್ಟೆಯಲ್ಲಿರುವವರು ನಮ್ಮವರೇ," ಎಂದಿತು ನೆಲ್ಲಿಕಾಯಿ ಬೀಗುತ್ತಾ. "ಕಾಯಿ ಬಿಡುವ ಚಳಿಗಾಲಕ್ಕೆ ನಾನಿರುತ್ತೇನೆ. ಮರ ಬರಿದಾದಾಗ ನೀನಿರು."

ಅಂತೂ ಒಂದು ಸುಗ್ಗಿಯ ಜಾಗಕ್ಕೆ ಪಣ ಕಟ್ಟಿದ ನೆಲ್ಲಿಕಾಯಿಗೆ ದಕ್ಕಿದ್ದು ವರ್ಷವಿಡೀ ಮುಂಸಾಲು, ಮೇಲೆ ಸರಕು ಹೊರಲು ಗಾಜಿನ ಆಳೊಬ್ಬ.