ಬೀಸಮ್ಮ ತೆರೆದ ಹಿಂಬಾಗಿಲು

ಕೇಳ್ರಪ್ಪಾ ಮಕ್ಕಳೇ, ದಟ್ಟ ಕಾಡಿನ ನಡುವೆ ಒಂದು ಹೊನ್ನೆ ಮರ. ಆ ಮರದ ಪೊಟರೆಯಲ್ಲಿ ತುಡುವೆ ಜೇನಿನ ಒಂದು ಗೂಡು. ಹೊರಗಿನಿಂದ ನೋಡಿದರೆ ಬೆರಳು ತೂರುವಷ್ಟು ಕಿಂಡಿ, ಅಷ್ಟೇ. ಬೆರಳು ತೂರಿಸೋಕೆ ಹೋಗಬೇಡಿ ಮತ್ತೆ, ಆಮೇಲೆ ಬಾತುಕೊಂಡು ಬಂದು ನನ್ನ ಹೆಸರು ಹೇಳಿದರೆ ನಾನು ಒಪ್ಪುವುದಿಲ್ಲ.

ಒಳಗೆ ಮಾತ್ರ ಅದು ದೊಡ್ಡ ಕಾರ್ಖಾನೆ. ಹೂವಿನ ರಸ ತರುವವರು ಬೇರೆ, ಜೇನು ತುಂಬುವ ಕೋಣೆಗಳ ಮೇಣದ ಎರಿ ಕಟ್ಟುವವರು ಬೇರೆ, ಮರಿಹುಳುಗಳಿಗೆ ಉಣಿಸುವ ದಾದಿಯರು ಬೇರೆ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಲೆ ಹಾಕುವ ಹಾಗಿಲ್ಲ.

ಗೂಡಿನ ಹಿಂಭಾಗದ ಕತ್ತಲಲ್ಲಿ ಬೀಸಮ್ಮ ಎಂಬ ಜೇನುನೊಣ ಇದ್ದಳು. ಅವಳದು ಗಾಳಿ ವಿಭಾಗ. ಹೂವಿನಿಂದ ತಂದ ರಸ ನೀರುನೀರಾಗಿರುತ್ತದೆ. ಅದರ ಮೇಲೆ ರೆಕ್ಕೆ ಬೀಸಿ ಬೀಸಿ ಗಟ್ಟಿ ಮಾಡಿದರೇನೇ ಅದು ಜೇನು. ಬೀಸಮ್ಮ ಬೀಸುತ್ತ ನಿಂತರೆ ಊಟದ ನೆನಪೂ ಆಗುತ್ತಿರಲಿಲ್ಲ. ಕೆಲಸದಲ್ಲಿ ಅವಳ ಮೇಲೆ ಒಂದು ಮಾತು ಬಂದದ್ದಿಲ್ಲ. ಅದರ ಜಂಬವೂ ಸ್ವಲ್ಪ ಇತ್ತೆನ್ನಿ.

ಮುಂಬಾಗಿಲು ಕಾಯುತ್ತಿದ್ದವಳು ಚೌಡಕ್ಕ. ಅವಳು ದಿನಾ ಮಧ್ಯಾಹ್ನ ಎಲ್ಲ ವಿಭಾಗದವರನ್ನೂ ಕರೆಯುತ್ತಿದ್ದಳು.

"ಬನ್ರೇ, ಒಂದು ಗಳಿಗೆ ಬನ್ನಿ. ನಮ್ಮವರು ಯಾರು, ಕಳ್ಳರು ಯಾರು ಅಂತ ಗುರುತು ಹಿಡಿಯೋದು ಹೇಳಿಕೊಡ್ತೀನಿ. ದನಿಯನ್ನು ಯಾರು ಬೇಕಾದರೂ ಅಣಕಿಸಬಹುದು. ವಾಸನೆಯನ್ನ ಅಣಕಿಸೋಕಾಗಲ್ಲ. ಬಂದವರ ತಲೆ ಮೇಲಿನ ಕುಡಿಮೀಸೆಗೆ ನಿಮ್ಮ ಕುಡಿಮೀಸೆ ತಾಗಿಸಿ ಮೂಸಿ ನೋಡಿ. ಅನುಮಾನ ಬಂತಾ, ನನಗೊಂದು ಕೂಗು ಹಾಕಿ. ಇಷ್ಟೇ ಪಾಠ."

ಯಾರೂ ಬರುತ್ತಿರಲಿಲ್ಲ. ಮೇಣ ವಿಭಾಗದ ಮಾಳವ್ವ, "ನನ್ನ ಬಾಯಿ ತುಂಬ ಮೇಣ ಇದೆ, ನಾಳೆ ನೋಡೋಣ" ಅನ್ನುತ್ತಿದ್ದಳು. ದಾದಿ ಅಂಬಕ್ಕ, "ಮಕ್ಕಳು ಈಗಷ್ಟೇ ಕಣ್ಣು ಮುಚ್ಚಿವೆ, ಗಲಾಟೆ ಮಾಡಬೇಡ" ಅನ್ನುತ್ತಿದ್ದಳು. ಮರಿಹುಳುಗಳಿಗೆ ಕಣ್ಣೇ ಇರುವುದಿಲ್ಲ ಎಂದು ಚೌಡಕ್ಕ ಹೇಳುವಷ್ಟರಲ್ಲಿ ಅಂಬಕ್ಕ ಅಲ್ಲಿಂದ ಮಾಯ.

ಬೀಸಮ್ಮನದು ಮಾತ್ರ ನೇರ ಮಾತು. "ಅಲ್ಲಾ ಚೌಡಕ್ಕ, ನನ್ನ ಕೆಲಸ ಗಾಳಿ, ನಿನ್ನ ಕೆಲಸ ಕಳ್ಳರು. ನೀನೇನು ಬಂದು ನನ್ನ ಬದಲು ಬೀಸಿಕೊಡ್ತೀಯಾ? ಇಲ್ಲ ತಾನೆ? ಮತ್ತೆ ನಾನ್ಯಾಕೆ ನಿನ್ನ ಕಳ್ಳರನ್ನ ಹಿಡಿದುಕೊಡಬೇಕು? ಬಾಗಿಲಲ್ಲಿ ನೀನಿರೋವಾಗ ಒಳಗೆ ನಮಗೇನು ಭಯ ಹೇಳು."

ಒಂದೇ ಒಂದು ಸಲ ಪಾಠಕ್ಕೆ ಹೋಗಿದ್ದಳು. ಅಲ್ಲಿ ನಿಂತಲ್ಲೇ ನಿದ್ದೆ ಹೊಡೆದು, ಎಚ್ಚರವಾದಾಗ "ಅರ್ಥ ಆಯ್ತು, ಅರ್ಥ ಆಯ್ತು" ಎಂದು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿ ವಾಪಸು ಬಂದಿದ್ದಳು.

ಮಳೆಗಾಲ ಹತ್ತಿರ ಬಂದಿತ್ತು. ಮಳೆ ಹಿಡಿದರೆ ಹೂವಿಲ್ಲ, ಹೂವಿಲ್ಲದಿದ್ದರೆ ರಸವಿಲ್ಲ. ಅದಕ್ಕೇ ಮೇಲಿನ ಎರಿಗಳಲ್ಲಿ ಜೇನು ತುಂಬಿಸಿ, ಮೇಣದ ಮುಚ್ಚಳ ಹಾಕಿ ಇಟ್ಟಿದ್ದರು. ಅದೊಂದಿದ್ದರೆ ಮರಿಹುಳುಗಳು ಬದುಕುತ್ತವೆ. ಅದು ಹೋದರೆ ಗೂಡೇ ಹೋದ ಹಾಗೆ.

ಆ ಜೇನಿನ ಮೇಲೆ ದುಂಡಪ್ಪನ ಕಣ್ಣು ಬಿತ್ತು.

ದುಂಡಪ್ಪ ಒಂದು ದಪ್ಪ ಪತಂಗ. ಮೈತುಂಬ ರೋಮ, ಬೆನ್ನಿನ ಮೇಲೆ ತಲೆಬುರುಡೆಯಂಥ ಮಚ್ಚೆ. ದುಡಿದು ತಿನ್ನುವ ಚಾಳಿ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಬಡ್ಡೀಮಗನಿಗೆ ಇದ್ದದ್ದು ಒಂದೇ ವಿದ್ಯೆ: ಥೇಟ್ ಜೇನುರಾಣಿಯ ಹಾಗೆ "ಪೀಂ... ಪೀಂ..." ಎಂದು ದನಿ ತೆಗೆಯುವುದು. ಆ ದನಿ ಕಿವಿಗೆ ಬಿದ್ದರೆ ಎಲ್ಲರೂ ನಿಂತಲ್ಲೇ ನಿಂತು ತಲೆ ಬಾಗಿಸಬೇಕು. ಅದು ಜೇನುಗೂಡಿನ ಪದ್ಧತಿ.

ಮೊದಲು ಮುಂಬಾಗಿಲಿಗೇ ಹೋಗಿ "ಪೀಂ" ಅಂದ. ಚೌಡಕ್ಕ ತಲೆಯೇನೋ ಬಾಗಿಸಿದಳು, ಬಾಗಿಸಿಕೊಂಡೇ ಮೂಸಿದಳು. ಮೂಸಿದ್ದೇ ತಡ, ಮೂತಿಗೆ ಒಂದು ಚುಚ್ಚು! ದುಂಡಪ್ಪ ಕುಯ್ಯೋ ಮರ್ರೋ ಎನ್ನುತ್ತ ಮರದ ಹಿಂದಕ್ಕೆ ಓಡಿ ಬಂದ. ಬಂದು ಸುಧಾರಿಸಿಕೊಳ್ಳುತ್ತಿದ್ದಾಗ ತೊಗಟೆಯಲ್ಲಿ ಒಂದು ಬಿರುಕು ಕಂಡಿತು. ಅದಕ್ಕೆ ಮೇಣ ಮೆತ್ತಿತ್ತು. ಮೇಣದ ಆಚೆ ಯಾರೋ ರೆಕ್ಕೆ ಬೀಸುವ ಸದ್ದು.

ದೂರದಿಂದ ಮಾಳವ್ವ ಕೂಗಿದ್ದೂ ಕೇಳಿಸಿತು: "ಬೀಸಮ್ಮಾ, ಸ್ವಲ್ಪ ಈ ಕಡೆ ಬೀಸೇ, ಮೇಣ ಕರಗ್ತಾ ಇದೆ!"

'ಓಹೋ, ಹೆಸರು ಬೀಸಮ್ಮ' ಎಂದು ದುಂಡಪ್ಪ ಮೂತಿ ಒರೆಸಿಕೊಂಡ.

"ಪೀಂ... ಪೀಂ... ಬೀಸಮ್ಮಾ."

ಬೀಸಮ್ಮನ ರೆಕ್ಕೆ ಗಕ್ಕನೆ ನಿಂತುಬಿಟ್ಟಿತು. ರಾಣಿಯಮ್ಮನನ್ನು ಅವಳು ಹತ್ತಿರದಿಂದ ಯಾವತ್ತೂ ನೋಡಿದವಳಲ್ಲ. ದನಿ ಮಾತ್ರ ದೂರದಿಂದ ಕೇಳಿದ್ದಳು. ಆ ರಾಣಿಯಮ್ಮ ಇವತ್ತು ಹೆಸರು ಹಿಡಿದು ಕರೆಯುವುದೆಂದರೇನು!

"ರಾ... ರಾಣಿಯಮ್ಮ? ನೀವು ಹೊರಗೆ ಹೇಗೆ?"

"ಮೆತ್ತಗೆ ಮಾತಾಡು. ಗುಟ್ಟಿನ ವಿಷಯ. ಬಾಗಿಲು ಕಾಯೋರ ಮೇಲೆ ನನಗೆ ಅನುಮಾನ ಇದೆ. ಅವರು ಜೇನು ಕದಿಯುತ್ತಾ ಇದ್ದಾರೆ. ಕಣ್ಣಾರೆ ನೋಡೋಣ ಅಂತ ಹೀಗೆ ಮರೆಯಲ್ಲಿ ಬಂದೆ. ಈ ಮೇಣ ಬಿಡಿಸು, ಬೇಗ."

"ಚೌಡಕ್ಕಂಗೆ ಒಂದು ಮಾತು ಕೇಳಿ..."

"ಯಾರ ಮೇಲೆ ಅನುಮಾನವೋ ಅವರನ್ನೇ ಕೇಳ್ತೀಯಾ? ಬುದ್ಧಿವಂತೆ ಅಂತ ನಿನ್ನನ್ನೇ ಆರಿಸಿಕೊಂಡು ಬಂದೆನಲ್ಲ, ನನ್ನ ತಪ್ಪು. ಹೋಗಲಿ ಬಿಡು. ಗಾಳಿ ವಿಭಾಗದ ಮುಖ್ಯಸ್ಥೆ ಮಾಡೋಣ ಅಂತಿದ್ದೆ. ಬೇರೆ ಯಾರಾದರೂ ಸಿಗ್ತಾರೆ."

ನೋಡಿದಿರಾ ಖದೀಮನನ್ನು? ಮೊದಲು ಹೆಸರು ಹಿಡಿದು ಕರೆದ, ಆಮೇಲೆ ಅವಸರ ಮಾಡಿದ, ಯಾರನ್ನೂ ಕೇಳಬೇಡ ಅಂದ, ಕೊನೆಗೆ ಆಸೆ ತೋರಿಸಿದ. ನಿಮ್ಮ ಮನೆಯ ದೊಡ್ಡವರನ್ನು ಕೇಳಿ ನೋಡಿ. "ನಾನು ನಿಮ್ಮ ಮೇಲಧಿಕಾರಿ, ನಿಮ್ಮ ಫೋನಿಗೆ ಬಂದ ಗುಟ್ಟಿನ ನಂಬರ್ ಬೇಗ ಹೇಳಿ" ಎನ್ನುವ ಫೋನು ಅವರಲ್ಲೂ ಯಾರಿಗಾದರೂ ಬಂದಿರುತ್ತದೆ.

ಮುಖ್ಯಸ್ಥೆ! ಬೀಸಮ್ಮನ ತಲೆಯೊಳಗೆ ಅದೊಂದೇ ಮಾತು ಗುಂಯ್‌ಗುಡತೊಡಗಿತು. ಗಬಗಬನೆ ಮೇಣ ಕಚ್ಚಿ ಉಗಿದಳು. ಬಿರುಕು ತೆರೆಯಿತು. ದುಂಡಪ್ಪ ಹೊಟ್ಟೆ ಎಳೆದುಕೊಂಡು, ಉಸಿರು ಬಿಗಿಹಿಡಿದು ಒಳಗೆ ತೂರಿಕೊಂಡ.

ಕತ್ತಲಲ್ಲಿ ಅವನ ಮೈ ತಾಗಿ ಬೀಸಮ್ಮನಿಗೆ ವಿಚಿತ್ರವೆನಿಸಿತು. "ರಾಣಿಯಮ್ಮ, ಹೀಗೆ ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನೀವು ಸ್ವಲ್ಪ... ತುಂಬಿಕೊಂಡಿದ್ದೀರಿ."

"ಮೊಟ್ಟೆ ಇಡೋರ ಕಷ್ಟ ನಿನಗೇನು ಗೊತ್ತು?"

"ರೋಮ ಕೂಡ..."

"ಹೊರಗೆ ಚಳಿ. ಪೀಂ!"

ಪೀಂ ಅಂದ ಮೇಲೆ ಮಾತು ಮುಗಿಯಿತು. ಬೀಸಮ್ಮ ತಲೆ ಬಾಗಿಸಿ ದಾರಿ ತೋರಿಸಿದಳು.

ಮೇಲಿನ ಎರಿಯ ಹತ್ತಿರ ಮಾಳವ್ವ ಎದುರಾದಳು. "ಯಾರಿದು ಬೀಸಮ್ಮ?"

"ರಾಣಿಯಮ್ಮ ಕಣೇ! ತಲೆ ಬಾಗಿಸು!"

'ಬೀಸಮ್ಮ ನೋಡದೆ ಕರ್ಕೊಂಡು ಬರ್ತಾಳಾ' ಎಂದುಕೊಂಡು ಮಾಳವ್ವ ತಲೆ ಬಾಗಿಸಿದಳು. ಅಂಬಕ್ಕ ಬಂದಳು. 'ಬೀಸಮ್ಮ, ಮಾಳವ್ವ ಇಬ್ಬರೂ ಬಾಗಿಸಿದ್ದಾರೆ, ನಂದೇನು' ಎಂದು ಅವಳೂ ಬಾಗಿಸಿದಳು. ಅವಳ ಹಿಂದೆ ಬಂದವರೂ ಅವಳನ್ನು ನೋಡಿ ಬಾಗಿಸಿದರು. ಮೂಸಿ ನೋಡಿದವರು ಒಬ್ಬರೂ ಇಲ್ಲ.

"ಮುಚ್ಚಳ ತೆಗೀರಿ. ಜೇನು ಎಷ್ಟಿದೆ, ರುಚಿ ಹೇಗಿದೆ, ನಾನೇ ಪರೀಕ್ಷೆ ಮಾಡಬೇಕು" ಎಂದ ದುಂಡಪ್ಪ.

ಮಾಳವ್ವ ತಾನೇ ಹಾಕಿದ ಮೇಣದ ಮುಚ್ಚಳವನ್ನು ತಾನೇ ಕಿತ್ತು ಕೊಟ್ಟಳು. ದುಂಡಪ್ಪ ಸೊಂಡಿಲು ಇಳಿಸಿ ಸೊರ್ ಎಂದು ಎಳೆದ. ಒಂದು ಕೋಣೆ ಖಾಲಿ. ಪಕ್ಕದ ಕೋಣೆ ಖಾಲಿ. ಒಂದು ಸಾಲೇ ಖಾಲಿ.

"ಹ್ಞೂಂ, ಪರವಾಗಿಲ್ಲ. ಮುಂದಿನ ಸಾಲು ತೆಗೀರಿ. ಒಂದರಲ್ಲಿ ರುಚಿ ಗೊತ್ತಾಗಲ್ಲ."

ಹೀಗೆ ಪರೀಕ್ಷೆ ಜೋರಾಗಿ ನಡೆಯಿತು. ದುಂಡಪ್ಪನ ಹೊಟ್ಟೆ ಉಬ್ಬುತ್ತ ಹೋಯಿತು, ಎರಿ ಹಗುರಾಗುತ್ತ ಹೋಯಿತು. ಅಂಬಕ್ಕನಿಗೆ ತಡೆಯಲಾಗಲಿಲ್ಲ.

"ರಾಣಿಯಮ್ಮ, ಇದು ಮಳೆಗಾಲಕ್ಕೆ ಇಟ್ಟಿದ್ದು. ಮಕ್ಕಳಿಗೆ ಬೇಕಲ್ಲ?"

"ಮಕ್ಕಳದ್ದು ಆಮೇಲೆ ನೋಡೋಣ. ಮುಂದಿನ ಸಾಲು!"

ಬೀಸಮ್ಮ ಬಾಗಿಸಿದ್ದ ತಲೆ ಎತ್ತಿದಳು. ಗೂಡಿನಲ್ಲಿರುವ ಒಂದೊಂದು ಮರಿಹುಳುವನ್ನೂ ಹೆತ್ತವಳು ರಾಣಿಯಮ್ಮ. ಹೆತ್ತ ತಾಯಿ ಹಸಿದ ಮಕ್ಕಳ ಬಗ್ಗೆ ಹೀಗೆ ಮಾತಾಡುತ್ತಾಳಾ? ಹಾಗಾದರೆ ಇದು ಯಾರು? ತಾನು ಕೈಯಾರೆ ಒಳಗೆ ಕರೆದುಕೊಂಡು ಬಂದದ್ದು ಯಾರನ್ನು?

ಮೂಸಿ ನೋಡಿದರೆ ಗೊತ್ತಾಗುತ್ತದೆ. ಆದರೆ ರಾಣಿಯೇ ಆಗಿದ್ದರೆ ಮುಖ್ಯಸ್ಥೆಯ ಪದವಿ ಹಾಗಿರಲಿ, ಇದ್ದ ಕೆಲಸವೂ ಹೋಯಿತು. ಕಳ್ಳನೇ ಆಗಿದ್ದರೆ ಇನ್ನೂ ಕಷ್ಟ. ಬಾಗಿಲು ತೆರೆದವಳು ಯಾರು ಎಂದು ಗೂಡೆಲ್ಲ ಕೇಳುತ್ತದೆ. ತುಟಿ ಪಿಟಕ್ ಎನ್ನದೆ ಹಿಂದಕ್ಕೆ ಸರಿದು ಗಾಳಿ ಬೀಸುತ್ತ ನಿಂತರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಕತ್ತಲು ಬೇರೆ. ಒಂದು ಹೆಜ್ಜೆ ಹಿಂದಕ್ಕೆ ಸರಿದೂ ಸರಿದಳು.

ಆಗ ಕೆಳಗಿನ ಎರಿಯಲ್ಲಿ ಮರಿಹುಳುಗಳು ಹಸಿದು ಮಿಸುಕಾಡುವ ಸಣ್ಣ ಸದ್ದು ಅವಳ ಕಿವಿಗೆ ಬಿತ್ತು. ಅವಳಿಂದ ಇನ್ನೊಂದು ಹೆಜ್ಜೆ ಇಡಲಾಗಲಿಲ್ಲ.

ಮುಂದೆ ಬಂದು ಕುಡಿಮೀಸೆ ಚಾಚಿದಳು. ಪಾಠದ ಹೊತ್ತಿನಲ್ಲಿ ನಿದ್ದೆ ಮಾಡಿದವಳಿಗೆ ಅಭ್ಯಾಸವೆಲ್ಲಿ? ಮೊದಲು ಅದು ಮಾಳವ್ವನ ಕಂಕುಳಿಗೆ ತಾಗಿತು. "ಏಯ್, ಕಚಗುಳಿ!" ಎಂದು ಮಾಳವ್ವ ಹಾರಿದಳು. ಎರಡನೇ ಸಲ ದುಂಡಪ್ಪನ ಕುಡಿಮೀಸೆಗೇ ತಾಗಿತು. ಬದನೆ ಎಲೆಯ ವಾಸನೆ, ತೊಗಟೆಯ ವಾಸನೆ, ಯಾವ ಯಾವುದೋ ಗೂಡುಗಳಲ್ಲಿ ಕದ್ದು ಕುಡಿದ ಜೇನಿನ ವಾಸನೆ. ತಮ್ಮ ಗೂಡಿನ ವಾಸನೆ ಒಂದಿಷ್ಟೂ ಇಲ್ಲ.

'ಅಯ್ಯೋ ನನ್ನ ಕರ್ಮವೇ, ಇಷ್ಟೇನಾ? ಇದನ್ನ ಕಲಿಯೋಕೆ ನನಗೆ ಪುರುಸೊತ್ತಿರಲಿಲ್ವಾ?' ಎಂದು ಬೀಸಮ್ಮನಿಗೆ ಅಳುವೇ ಬಂತು. ಅಳುವುದು ಬಿಟ್ಟು ಗಂಟಲು ಹರಿಯುವಂತೆ ಕೂಗಿದಳು.

"ಚೌಡಕ್ಕಾ! ಓಡಿ ಬಾ! ಕಳ್ಳ ಒಳಗಿದ್ದಾನೆ! ಬಿಟ್ಟವಳು ನಾನೇ! ಹಿಂದಿನ ಬಿರುಕು ತೆರೆದವಳು ನಾನೇ!"

"ಪೀಂ! ಇವಳೇ ಕಳ್ಳಿ! ಹಿಡೀರಿ ಇವಳನ್ನ!" ಎಂದು ದುಂಡಪ್ಪ ಕಿರುಚಿದ.

ಮಾಳವ್ವ, ಪಾಪ, ಆಜ್ಞೆ ಪಾಲಿಸುವುದರಲ್ಲಿ ಭಾರಿ ನಿಯತ್ತು. ಬಂದು ಬೀಸಮ್ಮನ ಹಿಂಗಾಲು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ಕಾಲು ಬಿಟ್ಟು ಅವನನ್ನ ಮೂಸಿ ನೋಡೇ! ಒಂದೇ ಒಂದು ಸಲ ಮೂಸೇ ತಾಯಿ!"

ಮಾಳವ್ವ ಬೀಸಮ್ಮನ ಕಾಲು ಬಿಡದೆಯೇ ಕತ್ತು ಚಾಚಿ ಮೂಸಿದಳು. "ಥೂ! ಇದೆಂಥ ರಾಣಿ!" ಅಂಬಕ್ಕ ಮೂಸಿದಳು. "ಅಯ್ಯಯ್ಯೋ!" ಅಷ್ಟರಲ್ಲಿ ಚೌಡಕ್ಕ ತನ್ನ ಪಡೆಯೊಂದಿಗೆ ಬಂದೇಬಿಟ್ಟಳು.

ದುಂಡಪ್ಪ ಬಂದ ದಾರಿಗೆ ಓಡಿದ. ಬಿರುಕು ಬಂದಾಗ ಇದ್ದಷ್ಟೇ ಇತ್ತು, ಹೊಟ್ಟೆ ಮಾತ್ರ ಹಾಗಿರಲಿಲ್ಲ. ತಲೆ ಹೊರಗೆ, ಹಿಂಭಾಗ ಒಳಗೆ! ಚೌಡಕ್ಕನ ಪಡೆಗೆ ಇನ್ನೇನು ಬೇಕು? ಅವನು ಆಗ ಹಾಕಿದ ಕೂಗು ರಾಣಿಯ ದನಿಯಲ್ಲಿರಲಿಲ್ಲ, ಅವನದೇ ಸ್ವಂತ ದನಿ. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು, ಮೈಯ ಅರ್ಧ ರೋಮವನ್ನು ಬಿರುಕಿನಲ್ಲೇ ಬಿಟ್ಟು, ಕೊನೆಗೆ ಹೇಗೋ ಹೊರಗೆ ಬಿದ್ದು ಪರಾರಿಯಾದ.

ಗದ್ದಲ ಕೇಳಿ ನಿಜವಾದ ರಾಣಿಯಮ್ಮ ಬಂದರು. ಎರಿಗಳನ್ನು ನೋಡಿದರು. ಮಳೆಗಾಲದ ಜೇನಿನಲ್ಲಿ ಅರ್ಧ ಹೋಗಿತ್ತು.

"ಬಿರುಕು ತೆರೆದದ್ದು ಯಾರು?"

"ನಾನು, ರಾಣಿಯಮ್ಮ. ನಿಮ್ಮ ದನಿ ಅಂದುಕೊಂಡೆ. ಮುಖ್ಯಸ್ಥೆ ಮಾಡ್ತಾರೆ ಅಂತ ಆಸೆಪಟ್ಟೆ" ಎಂದು ಬೀಸಮ್ಮ ತಲೆ ತಗ್ಗಿಸಿದಳು.

ಶಿಕ್ಷೆ ಏನು ಎಂದು ಎಲ್ಲರೂ ರಾಣಿಯಮ್ಮನ ಕಡೆ ನೋಡಿದರು. ಚೌಡಕ್ಕ ಮುಂದೆ ಬಂದಳು. "ರಾಣಿಯಮ್ಮ, ಅರ್ಧ ಹೋದದ್ದು ಇವಳಿಂದ, ನಿಜ. ನಾಚಿಕೆ ಬಿಟ್ಟು ಕೂಗಿದ್ದಕ್ಕೆ ಇನ್ನರ್ಧ ಉಳಿದಿದೆ, ಅದೂ ನಿಜ. ಇವಳನ್ನ ಓಡಿಸಿದರೆ ನಾಳೆ ತಪ್ಪು ಮಾಡಿದವರು ಯಾರೂ ಬಾಯಿ ಬಿಡಲ್ಲ."

ರಾಣಿಯಮ್ಮ ಬೀಸಮ್ಮನನ್ನು ಓಡಿಸಲಿಲ್ಲ. ಆ ಮಳೆಗಾಲ ದೊಡ್ಡವರೆಲ್ಲ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು, ಇದ್ದ ಜೇನನ್ನು ಮರಿಹುಳುಗಳಿಗೆ ಉಣಿಸಿದರು. ಬೀಸಮ್ಮ ತನ್ನ ಪಾಲಿನದನ್ನೂ ಅಂಬಕ್ಕನ ಕೈಗೆ ಕೊಟ್ಟು, ಬರೀ ಹೊಟ್ಟೆಯಲ್ಲಿ ಬೀಸಿದ ದಿನಗಳಿದ್ದವು. ಮಕ್ಕಳು ಉಳಿದವು.

ಚೌಡಕ್ಕನ ಪಾಠಕ್ಕೆ ಈಗ ಕಾಲಿಡಲು ಜಾಗವಿಲ್ಲ. ಬಾಯಲ್ಲಿ ಮೇಣವಿದ್ದರೂ ಮಾಳವ್ವ ಬರುತ್ತಾಳೆ.

ಮಳೆ ನಿಂತ ಮೇಲೆ ಒಂದು ದಿನ ರಾಣಿಯಮ್ಮ ಗೂಡಿನ ಹಿಂಭಾಗ ನೋಡಲು ಬಂದರು. "ಪೀಂ" ಅಂದರು. ಎಲ್ಲರೂ ನಿಂತಲ್ಲೇ ನಿಂತರು. ಬೀಸಮ್ಮ ಮಾತ್ರ ಬಂದು ದಾರಿಗೆ ಅಡ್ಡ ನಿಂತಳು.

"ಕ್ಷಮಿಸಿ ರಾಣಿಯಮ್ಮ. ಮೊದಲು ಕುಡಿಮೀಸೆ ಕೊಡಿ."

ಇದೇನು ಉದ್ಧಟತನ ಎಂದು ಅಂಬಕ್ಕ ಬಾಯಿ ಮುಚ್ಚಿಕೊಂಡಳು. ರಾಣಿಯಮ್ಮ ಬಾಗಿ ಕುಡಿಮೀಸೆ ಚಾಚಿದರು. ಬೀಸಮ್ಮ ನಿಧಾನವಾಗಿ ಮೂಸಿ, "ಸರಿ, ನೀವು ಹೋಗಬಹುದು" ಎಂದು ದಾರಿ ಬಿಟ್ಟಳು.

ರಾಣಿಯಮ್ಮ ಹೋಗಲಿಲ್ಲ. "ನನ್ನದಾಯಿತು. ಈಗ ನಿನ್ನದು ಕೊಡು, ನಾನೂ ನೋಡಬೇಕು" ಅಂದರು.

ನೀತಿ: ದುಡಿಯುವ ಜಾಗದಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಒಂದು ಬಾಗಿಲಿರುತ್ತದೆ, ಅದು ಕಂಪ್ಯೂಟರ್ ಇರಲಿ, ಫೋನ್ ಇರಲಿ; ಕಳ್ಳನ ಗುರುತು ಹಿಡಿಯುವುದನ್ನು ಕಾವಲಿನವರಷ್ಟೇ ಅಲ್ಲ, ಎಲ್ಲರೂ ಕಲಿಯಬೇಕು, ಮೋಸ ಹೋದರೆ ಮುಚ್ಚಿಡದೆ ಕೂಡಲೇ ಕೂಗಿ ಹೇಳಬೇಕು.