ಸಂಪಿಗೆಯ ಗುಡಿ

"ಗುರುಗಳೇ, ನಾಳೆಯಿಂದ ಊರೂರು ತಿರುಗಿ ಜನರಿಗೆ ಹಿಂದಿನವರ ಚರಿತ್ರೆ ಹೇಳಬೇಕೆಂದಿದ್ದೇನೆ. ಕೇಳುವವರು ತೂಕಡಿಸದಿರಲೆಂದು ನಿಜಕ್ಕೆ ಚೂರು ಒಗ್ಗರಣೆ ಹಾಕಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು.

ಒಬ್ಬ ತರುಣ ಚರಿತ್ರಕಾರನಿದ್ದ. ಓದಿದ್ದು ಬಹಳ, ಹುರುಪು ಅದಕ್ಕಿಂತ ಹೆಚ್ಚು. ಹಳೆಯ ಕಲ್ಲು ಕಂಡರೆ ಊಟ ಮರೆಯುವ ಆಸಾಮಿ. ಒಂದು ಊರಿನ ಕೆರೆಯ ಬಳಿ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಚಪ್ಪಡಿಯ ಮೇಲೆ ಅವನ ಕಣ್ಣು ಬಿತ್ತು. ನಾಲ್ಕು ಜನರ ಕೈಕಾಲು ಹಿಡಿದು ಅದನ್ನು ಮಗುಚಿಸಿದ. ನೋಡಿದರೆ ವೀರಗಲ್ಲು! ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಸ್ವರ್ಗಕ್ಕೆ ಹೊತ್ತೊಯ್ಯುವ ಇಬ್ಬರು ಅಪ್ಸರೆಯರು, ಮೇಲೆ ಶಿವಲಿಂಗ. ಬರಹ ಮೂರೇ ಸಾಲು. ಸೀಮೆಸುಣ್ಣದ ಪುಡಿ ಬಳಿದು ಓದಿದ. ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ದುಗ್ಗಯ್ಯನೆಂಬವನು ಬಿಡಿಸಿ ಕಳಿಸಿ, ತಾನು ಅಲ್ಲೇ ಸತ್ತ. ಇಷ್ಟೇ. ಎಂಟುನೂರು ವರ್ಷ ಯಾರೂ ಕರೆಯದಿದ್ದ ಹೆಸರನ್ನು ತಾನು ಮೊದಲು ಕರೆದೆನೆಂದು ತರುಣನ ಕಣ್ಣು ತುಂಬಿತು. ಇದನ್ನು ಜನರ ನಾಲಿಗೆಯ ಮೇಲೆ ನಿಲ್ಲಿಸದೆ ಬಿಡುವುದಿಲ್ಲವೆಂದು ಅಲ್ಲೇ ಪಣ ತೊಟ್ಟ.

ಮೊದಲ ಭಾಷಣ ಹತ್ತಿರದ ಪೇಟೆಯಲ್ಲಿ. ಕಲ್ಲಿನ ಉದ್ದ ಹೇಳಿದ, ಅಗಲ ಹೇಳಿದ, ಅಕ್ಷರಗಳ ಬಾಗುಬಳುಕು ಹೇಳಿದ. ಆಳುತ್ತಿದ್ದ ಅರಸನ ವಂಶಕ್ಕೆ ಬರುವಷ್ಟರಲ್ಲಿ ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೆ ಉಳಿದವನು ಜಮಖಾನ ಸುತ್ತಿಕೊಂಡು ಹೋಗಲು ಕಾಯುತ್ತಿದ್ದವನೊಬ್ಬ.

"ಸ್ವಾಮಿ, ಒಬ್ಬ ಹೋದ, ಸತ್ತ ಅಂದ್ರೆ ಯಾರು ಕೂತ್ಕೋತಾರೆ? ಜೊತೇಲಿ ಯಾರೂ ಇರಲಿಲ್ವಾ?" ಎಂದು ಅವನು ಕೇಳಿದ.

"ಒಂದು ಕತ್ತೆ ಇತ್ತು" ಎಂದು ತರುಣ ಸಿಟ್ಟಿನಲ್ಲಿ ಅಂದುಬಿಟ್ಟ.

ಜಮಖಾನದವನು ಸುತ್ತತೊಡಗಿದ್ದನ್ನು ಮತ್ತೆ ಹಾಸಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ಹೆಸರೇನು ಅದರದ್ದು?"

ಮುಂದಿನ ಊರಿನಲ್ಲಿ ಕತ್ತೆಗೆ ಸಂಪಿಗೆ ಎಂದು ಹೆಸರಾಯಿತು. ಅದರ ಮುಂದಿನ ಊರಿನಲ್ಲಿ ಸಂಪಿಗೆಯ ಒಂದು ಕಾಲು ಕುಂಟಾಯಿತು; ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕಳ್ಳರು ಬಂದಾಗ ಅರಚಿ ಊರನ್ನೆಬ್ಬಿಸಿದ್ದೂ ಸಂಪಿಗೆಯೇ, ಅವರ ನಾಯಕನ ಎದೆಗೆ ಒದ್ದದ್ದೂ ಸಂಪಿಗೆಯೇ. ಜಾಗ ಸಾಲದೆ ಜನ ಮರ ಹತ್ತಿ ಕೂತರು. ಅವನಿಗಿಂತ ಮೊದಲೇ ಅವನ ಕತ್ತೆ ಊರೂರು ಸೇರತೊಡಗಿತು. ತರುಣನ ಮನಸ್ಸು ಒಳಗೊಳಗೇ ಚುಚ್ಚುತ್ತಿತ್ತು. ಮೊದಲು ಜನ ಸೇರಲಿ, ಕತ್ತೆಯನ್ನು ಆಮೇಲೆ ಹೊರಗಟ್ಟಿದರಾಯಿತು ಎಂದು ಸಮಾಧಾನ ಮಾಡಿಕೊಂಡ.

ಮೂರು ವರ್ಷದ ಮೇಲೆ ಪುಸ್ತಕ ಬರೆಯಲು ಕೂತ. ಪುಸ್ತಕದೊಳಗೆ ಕತ್ತೆ ಕಾಲಿಡಕೂಡದೆಂದು ಮನಸ್ಸು ಗಟ್ಟಿ ಮಾಡಿಕೊಂಡು, ಕಲ್ಲಿನ ಅಚ್ಚು ತೆಗೆಯಲು ಕಾಗದ, ಮಸಿ ಹೊತ್ತು ಅದೇ ಊರಿಗೆ ಹೋದ. ಕೆರೆಯ ಬಳಿ ಹೊಸ ಗುಡಿ. ಒಳಗೆ ಅರಿಸಿನ ಬಳಿದ ಕಲ್ಲಿನ ಕತ್ತೆ. ಎದುರಿಗೆ ಕೈಮುಗಿದು ನಿಂತ ಜನರ ಸಾಲು.

ತರುಣ ಗುಡಿಯ ಮೆಟ್ಟಿಲು ಹತ್ತಿ ನಿಂತ. "ಕತ್ತೆ ಇರಲೇ ಇಲ್ಲ! ಅದನ್ನು ಕಟ್ಟಿ ಹೇಳಿದವನು ನಾನೇ. ಬೇಕಾದರೆ ವೀರಗಲ್ಲು ನೋಡಿ, ಅದರಲ್ಲಿ ಕತ್ತೆ ಎಲ್ಲಿದೆ?" ಎಂದು ಕೂಗಿದ.

ಹೂ ಕಟ್ಟುತ್ತಿದ್ದ ಒಬ್ಬ ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನೆ ಮೊನ್ನೆ ಹುಟ್ಟಿದೋನು, ನಿಂಗೇನಪ್ಪ ಗೊತ್ತು? ಈ ಕತೆ ನಮ್ಮಜ್ಜಿ ನಂಗೆ ಹೇಳಿದ್ದು. ಕಲ್ಲಲ್ಲಿರೋ ಆ ಎರಡು ಹೆಣ್ಮಕ್ಳು ಗಂಡಸನ್ನೇನೋ ಎತ್ಕೊಂಡು ಹೋದ್ರು. ಕತ್ತೇನ ಎತ್ತಕ್ಕಾಯ್ತದಾ? ಪಾಪ, ಇಲ್ಲೇ ಬಿಟ್ಟು ಹೋದ್ರು. ಅದಕ್ಕೇ ಅದು ಕಲ್ಲಲ್ಲಿಲ್ಲ. ಅದಕ್ಕೇ ನಾವು ಗುಡಿ ಕಟ್ಟಿದ್ದು."

ಸಾಲಿನಲ್ಲಿದ್ದವರೆಲ್ಲ ಹೌದೌದೆಂದರು. ಆ ಕಲ್ಲಾದರೂ ಎಲ್ಲಿ ಎಂದು ತರುಣ ಕೇಳಿದ. ಮುದುಕಿ ಅವನ ಕಾಲಡಿ ತೋರಿಸಿದಳು. ಗುಡಿಯ ಮೆಟ್ಟಿಲು ಅದೇ. ಕೆತ್ತನೆ ಕಾಲಿಗೆ ಚುಚ್ಚುತ್ತದೆಂದು ಮತ್ತೆ ಮಗುಚಿ ಹಾಸಿ, ಸುತ್ತ ಗಾರೆ ಹಾಕಿ ಭದ್ರ ಮಾಡಿದ್ದರು.

ತರುಣ ಅದರ ಮೇಲೆ ಕುಸಿದು ಗಳಗಳನೆ ಅತ್ತ. ಸಂಪಿಗೆಯ ಮೇಲೆ ಎಂಥ ಭಕ್ತಿ ಎಂದು ಜನ ಅವನನ್ನೇ ಮುಂದೆ ಕರೆದು, ಪ್ರಸಾದವೆಂದು ಬೊಗಸೆ ತುಂಬ ನೆನೆಸಿದ ಹುರುಳಿ ಕೊಟ್ಟರು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರ್ಥವಾಯಿತು ಗುರುಗಳೇ, ಒಗ್ಗರಣೆ ಬೇಡ. ನಾಳೆ ಮೊದಲ ಊರಿನಲ್ಲಿ ಈ ಸಂಪಿಗೆಯ ಕತೆಯನ್ನೇ ಹೇಳುತ್ತೇನೆ" ಎಂದು ಕಣ್ಣೊರೆಸಿಕೊಂಡ.

ಅವನ ನಗು ಪೂರ್ತಿ ಇಳಿಯುವವರೆಗೆ ಗುರುಗಳು ಕಾದರು.

"ಹೇಳಪ್ಪ. ಆ ವೀರನ ಹೆಸರು ಏನೆಂದು ಹೇಳುತ್ತೀ?"